ವಿಟಮಿನ್ ಸಿ ಮತ್ತು ಕ್ಯಾನ್ಸರ್ ಕೋಶದ ಚಯಾಪಚಯ: ಪದೇ ಪದೇ ಕೇಳುವ ಪ್ರಶ್ನೆಗಳು

ರೋಗಿಗಳ ಮನೆಯವರು, ವಿದ್ಯಾರ್ಥಿಗಳು, ಪ್ರಯೋಗಾಲಯದಲ್ಲಿ ಕೋಶ ಬೆಳೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಮೊದಲು ಎಲ್ಲರಿಗೂ ಬೇಕಾದದ್ದು, ಆಮೇಲೆ ಕೋಶದೊಳಗಿನ ಸಂಗತಿ, ನಂತರ ಚಿಕಿತ್ಸೆಯ ವಿಚಾರ, ಕೊನೆಗೆ ಪ್ರಯೋಗಾಲಯದ ಕೆಲಸ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿಯಬೇಕಾದದ್ದು

ವಿಟಮಿನ್ ಸಿ ಕ್ಯಾನ್ಸರ್ ವಾಸಿ ಮಾಡುತ್ತಾ, ಇಲ್ವಾ? ಸುತ್ತಿ ಬಳಸದೆ ಹೇಳಿ.

ಇಲ್ಲ. ವಿಟಮಿನ್ ಸಿ ಒಂದರಿಂದಲೇ ಕ್ಯಾನ್ಸರ್ ವಾಸಿಯಾಯಿತು ಎಂದು ಯಾವ ನಿಯಂತ್ರಿತ ಪ್ರಯೋಗವೂ ತೋರಿಸಿಲ್ಲ. ಹಾಗಂತ ವಿಷಯ ಅಲ್ಲಿಗೇ ಮುಗಿಯುವುದೂ ಇಲ್ಲ. ರಕ್ತನಾಳದ ಮೂಲಕ ಭಾರೀ ಪ್ರಮಾಣದಲ್ಲಿ ಕೊಟ್ಟಾಗ ಕೆಲವು ಬಗೆಯ ಕ್ಯಾನ್ಸರ್ ಕೋಶಗಳ ಶಕ್ತಿ ಉತ್ಪಾದನೆಯನ್ನು ಅದು ಕೆಡಿಸುತ್ತದೆ ಎನ್ನುವುದಕ್ಕೆ ಪ್ರಯೋಗಾಲಯದಲ್ಲಿ ಗಟ್ಟಿ ಪುರಾವೆ ಇದೆ. ಕೀಮೋ ಜತೆ ಸೇರಿಸಿ ಕೊಟ್ಟಾಗ ಕೆಲವು ರೋಗಿಗಳಿಗೆ ಲಾಭವಾಗಬಹುದು ಎಂಬ ಸುಳಿವು ಇದೆ. ಸುಳಿವು ಎಂದರೆ ಸುಳಿವೇ. ಅದನ್ನು ನಂಬಿ ಶುರುವಾದ ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ.

ಇದು ಆಂಟಿಆಕ್ಸಿಡೆಂಟ್ ಅಂತಾರೆ. ಕೋಶವನ್ನು ಕಾಪಾಡಬೇಕಾದದ್ದು ಕೊಲ್ಲೋದು ಹೇಗೆ?

ವಿಟಮಿನ್ ಸಿ, ಅಂದರೆ ಆಸ್ಕೋರ್ಬೇಟ್, ಮಾಡುವುದು ಒಂದೇ ಕೆಲಸ: ಎಲೆಕ್ಟ್ರಾನ್ ಕೊಡುವುದು. ಯಾರಿಗೆ ಕೊಡುತ್ತದೆ ಎನ್ನುವುದರ ಮೇಲೆ ಫಲ ನಿಂತಿದೆ. ಆರೋಗ್ಯವಂತರ ರಕ್ತದಲ್ಲಿ ಅದರ ಸಾಂದ್ರತೆ ಸುಮಾರು 50ರಿಂದ 70 ಮೈಕ್ರೋಮೋಲಾರ್ (ಒಂದು ಲೀಟರಿನಲ್ಲಿ ಎಷ್ಟು ಅಣು ಇವೆ ಎಂದು ಹೇಳುವ ಅಳತೆ; 1000 ಮೈಕ್ರೋಮೋಲಾರ್ ಎಂದರೆ 1 ಮಿಲಿಮೋಲಾರ್). ಈ ಮಟ್ಟದಲ್ಲಿ ಅದು ಮುಕ್ತ ರಾಡಿಕಲ್‌ಗಳಿಗೆ ಎಲೆಕ್ಟ್ರಾನ್ ಕೊಟ್ಟು ಅವನ್ನು ಸುಮ್ಮನಾಗಿಸುತ್ತದೆ.

ಇದೇ ಸಾಂದ್ರತೆ ನೂರಾರು ಪಟ್ಟು ಏರಿ ಮಿಲಿಮೋಲಾರ್ ಮಟ್ಟ ಮುಟ್ಟಿದರೆ ಆಟ ತಿರುಗುತ್ತದೆ. ಆಗ ಆಸ್ಕೋರ್ಬೇಟ್ ಕಬ್ಬಿಣ ಮತ್ತು ತಾಮ್ರದ ಅಯಾನುಗಳಿಗೆ ಎಲೆಕ್ಟ್ರಾನ್ ಕೊಡುತ್ತದೆ, ಆ ಲೋಹಗಳು ಅದನ್ನು ಆಮ್ಲಜನಕಕ್ಕೆ ದಾಟಿಸುತ್ತವೆ. ಅದರಿಂದ ಸೂಪರ್‌ಆಕ್ಸೈಡ್, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಕೊಲ್ಲುವುದು ಈ ಪೆರಾಕ್ಸೈಡ್. ವಿಟಮಿನ್ ಇಲ್ಲಿ ಪೆರಾಕ್ಸೈಡನ್ನು ಹುಟ್ಟಿಸುವ ಕಚ್ಚಾ ಸಾಮಗ್ರಿ ಮಾತ್ರ.

ಹಾಗಾದ್ರೆ ಮಾತ್ರೇನೇ ಜಾಸ್ತಿ ನುಂಗಿದ್ರೆ ಆಗಲ್ವಾ?

ಆಗುವುದಿಲ್ಲ, ಕರುಳು ಮತ್ತು ಕಿಡ್ನಿ ಎರಡೂ ಅಡ್ಡ ಬರುತ್ತವೆ. ಕರುಳಿನಲ್ಲಿ ವಿಟಮಿನ್ ಸಿಯನ್ನು ಒಳಗೆಳೆದುಕೊಳ್ಳುವ ಸಾಗಣೆ ಪ್ರೊಟೀನ್‌ಗೆ ಮಿತಿಯಿದೆ. ಪ್ರಮಾಣ ಹೆಚ್ಚಿದಷ್ಟೂ ಹೀರಿಕೊಳ್ಳುವ ಪಾಲು ಇಳಿಯುತ್ತದೆ. ರಕ್ತಕ್ಕೆ ಬಂದ ಹೆಚ್ಚುವರಿಯನ್ನು ಕಿಡ್ನಿ ಮೂತ್ರದಲ್ಲಿ ಹೊರಹಾಕುತ್ತದೆ. ದಿನಕ್ಕೆ 200ರಿಂದ 400 ಮಿಲಿಗ್ರಾಂ ದಾಟಿದ ಮೇಲೆ ರಕ್ತದ ಮಟ್ಟ 70–80 ಮೈಕ್ರೋಮೋಲಾರ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಾರ್ಕ್ ಲೆವೀನ್ ಅವರ ತಂಡ 2004ರಲ್ಲಿ ಈ ಲೆಕ್ಕ ಪ್ರಕಟಿಸಿತು. 4 ಗಂಟೆಗೊಮ್ಮೆ 3 ಗ್ರಾಂ ನುಂಗಿದರೂ ಗರಿಷ್ಠ ಮಟ್ಟ ಸುಮಾರು 220 ಮೈಕ್ರೋಮೋಲಾರ್ ಎಂದು ಅವರ ಅಂದಾಜು. ಅದೇ 50 ಗ್ರಾಂ ರಕ್ತನಾಳಕ್ಕೆ ಕೊಟ್ಟರೆ ಸುಮಾರು 13,400 ಮೈಕ್ರೋಮೋಲಾರ್, ಅಂದರೆ 60 ಪಟ್ಟು ಹೆಚ್ಚು. ಹಾಗಾಗಿ ಮಾತ್ರೆ ಮತ್ತು ಡ್ರಿಪ್ ಎರಡನ್ನೂ ಒಂದೇ ಔಷಧಿಯ ಎರಡು ರೂಪ ಎಂದುಕೊಳ್ಳುವುದು ತಪ್ಪು. ಈ ವಿಷಯದಲ್ಲಿ ಅವನ್ನು ಎರಡು ಬೇರೆ ಔಷಧಿಗಳೆಂದೇ ಎಣಿಸಿ.

ಬಾಯಿಯ ಮೂಲಕ ದಿನಕ್ಕೆ 2 ಗ್ರಾಂ ಮೀರಿದರೆ ಸಾಮಾನ್ಯವಾಗಿ ಸಿಗುವುದು ಹೊಟ್ಟೆ ಉಬ್ಬರ, ಭೇದಿ. ಕಿಡ್ನಿ ಕಲ್ಲಿನ ಇತಿಹಾಸ ಇರುವವರಿಗೆ ಅದೂ ಒಂದು ಅಪಾಯ.

ಲೈಪೋಸೋಮಲ್ ವಿಟಮಿನ್ ಸಿ ಡ್ರಿಪ್‌ಗೆ ಸಮ ಅಂತ ಜಾಹೀರಾತಿನಲ್ಲಿದೆ. ನಿಜವಾ?

ಸಮ ಅಲ್ಲ. ಕೊಬ್ಬಿನ ಪೊರೆಯಲ್ಲಿ ಸುತ್ತಿದ್ದರಿಂದ ಸಾಮಾನ್ಯ ಮಾತ್ರೆಗಿಂತ ಸ್ವಲ್ಪ ಹೆಚ್ಚು ರಕ್ತಕ್ಕೆ ಸೇರಬಹುದು, ಆದರೆ ಮಟ್ಟ ಮೈಕ್ರೋಮೋಲಾರ್ ಲೆಕ್ಕದಲ್ಲೇ ಉಳಿಯುತ್ತದೆ.

ಲೈನಸ್ ಪಾಲಿಂಗ್ ಅಷ್ಟು ದೊಡ್ಡ ವಿಜ್ಞಾನಿ. ವಿಟಮಿನ್ ಸಿ ಕ್ಯಾನ್ಸರ್ ರೋಗಿಗಳ ಆಯಸ್ಸು ಹೆಚ್ಚಿಸುತ್ತೆ ಅಂತ ಅವರು ಹೇಳಿದ್ದು ಸುಳ್ಳಾ?

ಸುಳ್ಳು ಎನ್ನುವುದಕ್ಕಿಂತ ಸಾಬೀತಾಗದ್ದು ಎನ್ನಬೇಕು. ಸ್ಕಾಟ್ಲೆಂಡಿನ ವೇಲ್ ಆಫ್ ಲೆವನ್ ಆಸ್ಪತ್ರೆಯ ಶಸ್ತ್ರವೈದ್ಯ ಇವಾನ್ ಕ್ಯಾಮರಾನ್ ಜತೆ ಸೇರಿ ಪಾಲಿಂಗ್ 1976ರಲ್ಲಿ ಒಂದು ವರದಿ ಪ್ರಕಟಿಸಿದರು. ದಿನಕ್ಕೆ 10 ಗ್ರಾಂ ವಿಟಮಿನ್ ಸಿ ಪಡೆದ 100 ಕೊನೆಯ ಹಂತದ ರೋಗಿಗಳನ್ನು ಹಳೆಯ ದಾಖಲೆಗಳಿಂದ ಆಯ್ದ 1000 ರೋಗಿಗಳ ಜತೆ ಹೋಲಿಸಿ, ವಿಟಮಿನ್ ಪಡೆದವರು ನಾಲ್ಕು ಪಟ್ಟಿಗಿಂತ ಹೆಚ್ಚು ಕಾಲ ಬದುಕಿದರು ಎಂದರು. ದೋಷ ಇದ್ದದ್ದು ಹೋಲಿಕೆಯ ವಿಧಾನದಲ್ಲೇ. ಎರಡು ಗುಂಪುಗಳನ್ನು ಯಾದೃಚ್ಛಿಕವಾಗಿ ಹಂಚಿರಲಿಲ್ಲ. ‘ಇನ್ನು ಚಿಕಿತ್ಸೆ ಇಲ್ಲ’ ಎಂದು ತೀರ್ಮಾನಿಸಿದ ಗಳಿಗೆ ಎರಡು ಗುಂಪಿನಲ್ಲಿ ಬೇರೆ ಬೇರೆಯಾಗಿದ್ದರೆ ಇಡೀ ಲೆಕ್ಕವೇ ವಾಲುತ್ತದೆ.

ಮೇಯೋ ಕ್ಲಿನಿಕ್ 1979 ಮತ್ತು 1985ರಲ್ಲಿ ಸರಿಯಾದ ಯಾದೃಚ್ಛಿಕ ಪ್ರಯೋಗ ನಡೆಸಿತು. ಲಾಭ ಕಾಣಲಿಲ್ಲ. ಆದರೆ ಅಲ್ಲಿ 10 ಗ್ರಾಂ ಕೊಟ್ಟದ್ದು ಬಾಯಿಗೆ ಮಾತ್ರ, ಕ್ಯಾಮರಾನ್ ಮೊದಲ ದಿನಗಳಲ್ಲಿ ರಕ್ತನಾಳಕ್ಕೂ ಕೊಡುತ್ತಿದ್ದರು. ಈ ವ್ಯತ್ಯಾಸದ ತೂಕ ಆಗ ಯಾರಿಗೂ ಗೊತ್ತಿರಲಿಲ್ಲ. ಮೇಯೋ ಪ್ರಯೋಗಗಳು ಮಾತ್ರೆಯ ಬಗ್ಗೆ ಖಚಿತ ಉತ್ತರ ಕೊಟ್ಟವು, ಡ್ರಿಪ್ ಬಗ್ಗೆ ಏನನ್ನೂ ಹೇಳಲಿಲ್ಲ.

## ಕೋಶದ ಒಳಗೆ

ಕ್ಯಾನ್ಸರ್ ಕೋಶಕ್ಕೆ ಸಕ್ಕರೆ ಬೇಕು ಅಂತಾರೆ. ಅದಕ್ಕೂ ವಿಟಮಿನ್ ಸಿಗೂ ಏನು ಸಂಬಂಧ?

ಸಂಬಂಧ ಇರುವುದು ಕೋಶದ ಬಾಗಿಲಲ್ಲಿ. ಆಮ್ಲಜನಕ ಸಾಕಷ್ಟಿದ್ದರೂ ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಅರ್ಧಂಬರ್ಧ ಒಡೆದು ಲ್ಯಾಕ್ಟೇಟ್ ಮಾಡಿ ಬಿಸಾಡುತ್ತವೆ ಎಂದು ಜರ್ಮನಿಯ ಓಟೋ ವಾರ್ಬರ್ಗ್ 1920ರ ದಶಕದಲ್ಲಿ ಗುರುತಿಸಿದರು. ಗ್ಲೈಕಾಲಿಸಿಸ್ ಎಂಬ ಈ ದಾರಿಯಲ್ಲಿ ಒಂದು ಗ್ಲೂಕೋಸ್‌ಗೆ ನಿವ್ವಳ 2 ಎಟಿಪಿ (ಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣು) ಮಾತ್ರ ಸಿಗುತ್ತದೆ. ಹಾಗಾಗಿ ಹೆಚ್ಚು ಗ್ಲೂಕೋಸ್ ಬೇಕು, ಅದನ್ನು ಒಳಗೆ ತರುವ ಗ್ಲಟ್-1 ಎಂಬ ಸಾಗಣೆ ಪ್ರೊಟೀನ್ ಕೋಶದ ಮೇಲ್ಮೈಯಲ್ಲಿ ಹೆಚ್ಚಾಗುತ್ತದೆ. ಕೆ-ರಾಸ್ ಅಥವಾ ಬಿ-ರಾಫ್ ಜೀನ್ ರೂಪಾಂತರಗೊಂಡ ಕೋಶಗಳಲ್ಲಿ ಇದು ಇನ್ನೂ ಜಾಸ್ತಿ.

ವಿಟಮಿನ್ ಸಿಗೆ ಎರಡು ರೂಪ. ಮಾಮೂಲಿ ಆಸ್ಕೋರ್ಬೇಟ್ ಕೋಶ ಸೇರುವುದು ಸೋಡಿಯಂ ಜತೆ ಸಾಗಿಸುವ ಎಸ್‌ವಿಸಿಟಿ ಎಂಬ ಪ್ರೊಟೀನ್ ಮೂಲಕ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ರೂಪಕ್ಕೆ ಡಿಹೈಡ್ರೋಆಸ್ಕೋರ್ಬಿಕ್ ಆಮ್ಲ ಎಂದು ಹೆಸರು. ಇದರ ಆಕಾರ ಗ್ಲೂಕೋಸನ್ನು ಹೋಲುವುದರಿಂದ ಗ್ಲಟ್-1 ಮೋಸಹೋಗಿ ಅದನ್ನೂ ಒಳಗೆ ಬಿಡುತ್ತದೆ. ಗಡ್ಡೆಯ ಸುತ್ತ ಉತ್ಕರ್ಷಣ (ಎಲೆಕ್ಟ್ರಾನ್ ಕಳೆದುಕೊಳ್ಳುವ ಕ್ರಿಯೆ) ಹೆಚ್ಚಿರುವುದರಿಂದ ಆಸ್ಕೋರ್ಬೇಟ್ ಅಲ್ಲಿ ಈ ರೂಪಕ್ಕೆ ಬದಲಾಗುವುದು ಸುಲಭ. ಗ್ಲೂಕೋಸ್‌ಗಾಗಿ ತೆರೆದಿಟ್ಟ ಬಾಗಿಲಲ್ಲೇ ಅಪಾಯವೂ ಒಳಬರುತ್ತದೆ.

ಒಳಗೆ ಹೋದ ಮೇಲೆ ಹಂತ ಹಂತವಾಗಿ ಏನಾಗುತ್ತೆ?

ಈ ದಾರಿಯನ್ನು ಸ್ಪಷ್ಟವಾಗಿ ಬಿಡಿಸಿ ತೋರಿಸಿದ್ದು ಅಮೆರಿಕದ ಕ್ಯಾನ್ಸರ್ ವಿಜ್ಞಾನಿ ಲೂಯಿಸ್ ಕ್ಯಾಂಟ್ಲಿ ಅವರ ತಂಡ, 2015ರಲ್ಲಿ, ಕೆ-ರಾಸ್ ಮತ್ತು ಬಿ-ರಾಫ್ ರೂಪಾಂತರವಿರುವ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ.

ಒಳಬಂದ ಡಿಹೈಡ್ರೋಆಸ್ಕೋರ್ಬಿಕ್ ಆಮ್ಲವನ್ನು ಕೋಶ ಹಾಗೇ ಬಿಡುವುದಿಲ್ಲ, ತಕ್ಷಣ ಎಲೆಕ್ಟ್ರಾನ್ ಕೊಟ್ಟು ಮತ್ತೆ ಆಸ್ಕೋರ್ಬೇಟ್ ಆಗಿ ಅಪಕರ್ಷಿಸುತ್ತದೆ. ಈ ಕೆಲಸಕ್ಕೆ ಗ್ಲುಟಾಥಯಾನ್ ಎಂಬ ಕೋಶದ ಸ್ವಂತ ಆಂಟಿಆಕ್ಸಿಡೆಂಟ್ ಖರ್ಚಾಗುತ್ತದೆ. ಖರ್ಚಾದ ಗ್ಲುಟಾಥಯಾನನ್ನು ಮತ್ತೆ ಸಿದ್ಧಪಡಿಸಲು ಎಲೆಕ್ಟ್ರಾನ್ ಒದಗಿಸುವ ಅಣುವಾದ ಎನ್‌ಎಡಿಪಿಎಚ್ ಬೇಕು. ಬಡ್ಡಿ ಕಟ್ಟಲು ಮನೆಯ ಪಾತ್ರೆಪಗಡ ಮಾರಿದ ಹಾಗೆ, ಬಂದದ್ದನ್ನು ಸಂಭಾಳಿಸುವುದರಲ್ಲೇ ಕೋಶದ ರಕ್ಷಣಾ ದಾಸ್ತಾನು ಬರಿದಾಗುತ್ತದೆ. ಇನ್ನು ಪೆರಾಕ್ಸೈಡನ್ನು ತಡೆಯಲು ಏನೂ ಉಳಿಯುವುದಿಲ್ಲ. ಕ್ರಿಯಾಶೀಲ ಆಮ್ಲಜನಕ ಕಣಗಳು ಏರುತ್ತವೆ.

ಈಗ ಒಂದೇ ಕಿಣ್ವದ ಮೇಲೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಆ ಕಿಣ್ವ ಜಿಎಪಿಡಿಎಚ್, ಗ್ಲೈಕಾಲಿಸಿಸ್‌ನ 6ನೇ ಹೆಜ್ಜೆಯನ್ನು ನಡೆಸುವಂಥದ್ದು. ಅದರ ಕ್ರಿಯಾಕೇಂದ್ರದಲ್ಲಿ ಸಿಸ್ಟೀನ್ ಎಂಬ ಒಂದು ಅಮೈನೋ ಆಮ್ಲ ಇದೆ. ಅದರ ಗಂಧಕದ ತುದಿಗೆ ಗ್ಲುಟಾಥಯಾನ್ ಅಂಟಿಕೊಂಡು ಕಿಣ್ವ ಕೆಲಸ ನಿಲ್ಲಿಸುತ್ತದೆ. ಇದು ಮೊದಲನೆಯದು. ಎರಡನೆಯದು ಡಿಎನ್‌ಎ ಕಡೆಯಿಂದ. ಅಲ್ಲಿ ಹಾನಿಯಾದಾಗ ಪಾರ್ಪ್ ಎಂಬ ದುರಸ್ತಿ ಕಿಣ್ವ ಎಚ್ಚರಗೊಂಡು ಸಹಾಯಕ ಅಣುವಾದ ಎನ್‌ಎಡಿಯನ್ನು ಭರದಿಂದ ಬಳಸಿಬಿಡುತ್ತದೆ. ಜಿಎಪಿಡಿಎಚ್ ನಡೆಯಲು ಅದೇ ಎನ್‌ಎಡಿ ಬೇಕು. ಕಿಣ್ವವೂ ಕೆಟ್ಟಿತು, ಅದಕ್ಕೆ ಬೇಕಾದ ಸಹಕಾರಿಯೂ ಇಲ್ಲವಾಯಿತು.

ಚಯಾಪಚಯದ ಪದಾರ್ಥಗಳನ್ನು ಅಳೆದಾಗ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. 6ನೇ ಹೆಜ್ಜೆಗಿಂತ ಮೇಲಿನ ಪದಾರ್ಥಗಳು ಗುಡ್ಡೆಯಾಗುತ್ತವೆ, ಕೆಳಗಿನವು ಖಾಲಿಯಾಗುತ್ತವೆ. ಎಟಿಪಿ ಇಳಿಯುತ್ತದೆ. ಗ್ಲೈಕಾಲಿಸಿಸ್ ಮೇಲೇ ಬದುಕು ಕಟ್ಟಿಕೊಂಡ ಕೋಶಕ್ಕೆ ಬೇರೆ ದಾರಿ ಇರುವುದಿಲ್ಲ, ಸಾಯುತ್ತದೆ. ಎನ್-ಅಸಿಟೈಲ್ ಸಿಸ್ಟೀನ್ ಎಂಬ ಆಂಟಿಆಕ್ಸಿಡೆಂಟ್ ಸೇರಿಸಿದರೆ ಕೋಶ ಉಳಿಯುತ್ತದೆ. ಕೊಲ್ಲುತ್ತಿರುವುದು ಉತ್ಕರ್ಷಣವೇ ಎನ್ನುವುದಕ್ಕೆ ಅದೇ ಸಾಕ್ಷಿ.

ಒಳ್ಳೆಯ ಕೋಶಗಳಿಗೆ ಯಾಕೆ ಏನೂ ಆಗಲ್ಲ?

‘ಏನೂ ಆಗಲ್ಲ’ ಎನ್ನುವುದು ಅತಿಯಾಯಿತು, ಕಡಿಮೆ ಆಗುತ್ತದೆ. ಮುಖ್ಯ ಕಾರಣ ಕ್ಯಾಟಲೇಸ್ ಎಂಬ ಕಿಣ್ವ. ಅದು ಹೈಡ್ರೋಜನ್ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಸಹಜ ಕೋಶಗಳಲ್ಲಿ ಅದು ಸಾಮಾನ್ಯವಾಗಿ ಹೆಚ್ಚು, ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಕಡಿಮೆ. ರಕ್ತದಲ್ಲಂತೂ ಕೆಂಪು ಕಣಗಳು ಕ್ಯಾಟಲೇಸ್ ಮತ್ತು ಗ್ಲುಟಾಥಯಾನ್ ಪೆರಾಕ್ಸಿಡೇಸ್ ತುಂಬಿಕೊಂಡು ಓಡಾಡುತ್ತಿರುತ್ತವೆ. ಅದಕ್ಕೇ ರಕ್ತದಲ್ಲಿ ಪೆರಾಕ್ಸೈಡ್ ನಿಲ್ಲುವುದಿಲ್ಲ, ರಕ್ತನಾಳದ ಹೊರಗಿನ ದ್ರವದಲ್ಲಿ, ಗಡ್ಡೆಯ ಸುತ್ತ, ಸಂಗ್ರಹವಾಗುತ್ತದೆ.

ಎಲ್ಲ ಕ್ಯಾನ್ಸರ್ ಕೋಶಗಳೂ ಒಂದೇ ಥರ ದುರ್ಬಲವಲ್ಲ. ಕ್ಯಾಟಲೇಸ್ ಚೆನ್ನಾಗಿರುವ ಕ್ಯಾನ್ಸರ್ ಕೋಶ ಎಷ್ಟು ಆಸ್ಕೋರ್ಬೇಟ್ ಸುರಿದರೂ ಜಗ್ಗದೆ ಇರಬಹುದು.

ಕಬ್ಬಿಣ ಇಲ್ಲಿ ಯಾಕೆ ಬರುತ್ತೆ?

ವೇಗವಾಗಿ ವಿಭಜನೆಯಾಗುವ ಕೋಶಕ್ಕೆ ಕಬ್ಬಿಣ ಜಾಸ್ತಿ ಬೇಕು. ಅದರ ಒಂದು ಪಾಲು ಯಾವ ಪ್ರೊಟೀನಿಗೂ ಬಿಗಿಯಾಗಿ ಅಂಟಿಕೊಳ್ಳದೆ ಸಡಿಲವಾಗಿರುತ್ತದೆ. ಆಸ್ಕೋರ್ಬೇಟ್ ಈ ಸಡಿಲ ಕಬ್ಬಿಣವನ್ನು ಫೆರಸ್ ರೂಪಕ್ಕೆ ತರುತ್ತದೆ. ಫೆರಸ್ ಕಬ್ಬಿಣ ಮತ್ತು ಪೆರಾಕ್ಸೈಡ್ ಎದುರಾದರೆ ಫೆಂಟನ್ ಕ್ರಿಯೆ ನಡೆದು ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟುತ್ತದೆ, ಅದು ಹುಟ್ಟಿದ ಜಾಗದಲ್ಲೇ ಡಿಎನ್‌ಎ, ಕೊಬ್ಬು, ಪ್ರೊಟೀನ್ ಏನೇ ಸಿಕ್ಕರೂ ಕಚ್ಚುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಶ್ವಾಸಕೋಶ ಮತ್ತು ಮೆದುಳಿನ ಕ್ಯಾನ್ಸರ್ ಕೋಶಗಳಲ್ಲಿ ಈ ಸಡಿಲ ಕಬ್ಬಿಣವೇ ಆಸ್ಕೋರ್ಬೇಟ್‌ಗೆ ಅವು ಬಲಿಯಾಗುವುದಕ್ಕೆ ಕಾರಣ ಎಂದು ತೋರಿಸಿತು.

ಒಬ್ಬರು ಪೆರಾಕ್ಸೈಡ್ ಅಂತಾರೆ, ಇನ್ನೊಬ್ಬರು ಜಿಎಪಿಡಿಎಚ್ ಅಂತಾರೆ. ಯಾರದು ಸರಿ?

ಜಗಳ ತೋರುವಷ್ಟು ದೊಡ್ಡದಲ್ಲ. ಒಂದು ಪಕ್ಷದ ಪ್ರಕಾರ ಪೆರಾಕ್ಸೈಡ್ ಕೋಶದ ಹೊರಗೆ ಹುಟ್ಟಿ ಒಳಗೆ ನುಗ್ಗುತ್ತದೆ, ಇನ್ನೊಂದು ಪಕ್ಷದ ಪ್ರಕಾರ ಡಿಹೈಡ್ರೋಆಸ್ಕೋರ್ಬಿಕ್ ಆಮ್ಲ ಒಳಗೆ ಹೋಗಿ ದಾಸ್ತಾನು ಬರಿದು ಮಾಡುತ್ತದೆ. ಎರಡೂ ಕೊನೆಗೆ ಮುಟ್ಟುವುದು ಒಂದೇ ಜಾಗಕ್ಕೆ: ಡಿಎನ್‌ಎ ಹಾನಿ, ಪಾರ್ಪ್, ಎನ್‌ಎಡಿ ಕೊರತೆ, ಎಟಿಪಿ ಕುಸಿತ. ಹೊರಗಿನ ದ್ರವಕ್ಕೆ ಕ್ಯಾಟಲೇಸ್ ಸೇರಿಸಿದಾಗ ಕೋಶ ಬದುಕಿಕೊಳ್ಳುವುದನ್ನು ಬಹಳಷ್ಟು ಪ್ರಯೋಗಗಳು ಕಂಡಿವೆ. ಹಾಗಾಗಿ ಹೊರಗಿನ ಪೆರಾಕ್ಸೈಡ್‌ನ ಪಾತ್ರವನ್ನು ಅಲ್ಲಗಳೆಯಲು ಬರುವುದಿಲ್ಲ. ಯಾವುದು ಎಷ್ಟು ಪಾಲು ಎನ್ನುವುದು ಕೋಶದಿಂದ ಕೋಶಕ್ಕೆ ಬದಲಾಗುತ್ತದೆ ಎನ್ನುವುದು ನಮ್ಮ ಅಭಿಪ್ರಾಯ.

ಕಡಿಮೆ ಪ್ರಮಾಣದ ವಿಟಮಿನ್ ಸಿಗೆ ಕ್ಯಾನ್ಸರ್‌ನಲ್ಲಿ ಪಾತ್ರವೇ ಇಲ್ವಾ?

ಇದೆ, ಆದರೆ ಅದು ಕೊಲ್ಲುವ ಪಾತ್ರವಲ್ಲ. ಫೆರಸ್ ಕಬ್ಬಿಣ ಮತ್ತು ಆಲ್ಫಾ-ಕೀಟೋಗ್ಲುಟರೇಟ್ ಬಳಸುವ ಕಿಣ್ವಗಳ ಒಂದು ದೊಡ್ಡ ಕುಟುಂಬವಿದೆ. ಅವು ಸರಿಯಾಗಿ ನಡೆಯಲು ವಿಟಮಿನ್ ಸಿ ಬೇಕು. ಅವುಗಳಲ್ಲಿ ಎರಡು ಗುಂಪು ಇಲ್ಲಿ ಮುಖ್ಯ. ಹಿಫ್-1 ಎಂಬ ಪ್ರೊಟೀನನ್ನು ವಿಲೇವಾರಿಗೆ ಗುರುತು ಹಾಕುವ ಕಿಣ್ವಗಳು ಒಂದು. ಹಿಫ್-1 ಉಳಿದುಕೊಂಡರೆ ಕೋಶ ಗ್ಲೈಕಾಲಿಸಿಸ್ ಕಡೆ ವಾಲುತ್ತದೆ. ಇನ್ನೊಂದು ಗುಂಪು ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳನ್ನು ಅಳಿಸಲು ನೆರವಾಗುವ ಟೆಟ್ ಕಿಣ್ವಗಳು.

ರಕ್ತದ ಕ್ಯಾನ್ಸರ್‌ಗಳಲ್ಲಿ ಟೆಟ್-2 ಜೀನ್ ಕೆಡುವುದು ಸಾಮಾನ್ಯ. ರಕ್ತದ ಮೂಲಕೋಶಗಳಲ್ಲಿ ವಿಟಮಿನ್ ಸಿ ಕೊರತೆಯಾದರೆ ಟೆಟ್-2 ಮಂಕಾಗಿ ರಕ್ತಕ್ಯಾನ್ಸರ್‌ಗೆ ದಾರಿ ಸುಗಮವಾಗುತ್ತದೆ ಎಂದು 2017ರಲ್ಲಿ ಇಲಿಗಳ ಅಧ್ಯಯನಗಳು ತೋರಿಸಿದವು. ಅಜಾಸಿಟಿಡೀನ್ ಎಂಬ ಔಷಧಿ ಪಡೆಯುತ್ತಿದ್ದ ಅಸ್ಥಿಮಜ್ಜೆಯ ಕಾಯಿಲೆಯ ರೋಗಿಗಳಿಗೆ ದಿನಕ್ಕೆ 500 ಮಿಲಿಗ್ರಾಂ ಬಾಯಿಯಿಂದಲೇ ಕೊಟ್ಟಾಗ ಟೆಟ್ ಚಟುವಟಿಕೆಯ ಗುರುತು ಹೆಚ್ಚಿದ್ದೂ ವರದಿಯಾಗಿದೆ. ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ವಿಟಮಿನ್ ಸಿ ಹಲವು ಸಲ ಕಡಿಮೆಯೇ ಇರುತ್ತದೆ, ಅದನ್ನು ಸಹಜ ಮಟ್ಟಕ್ಕೆ ತರುವುದರಲ್ಲಿ ಅರ್ಥವಿದೆ. ಮಾತ್ರೆಗೆ ಬೆಲೆಯಿರುವುದು ಇಲ್ಲಿ.

## ಚಿಕಿತ್ಸೆಯ ವಿಚಾರ

ಮನುಷ್ಯರ ಮೇಲೆ ನಡೆದ ಪ್ರಯೋಗಗಳಲ್ಲಿ ಏನು ಬಂತು?

ಮಿಶ್ರ ಫಲಿತಾಂಶ. ಅತಿ ದೊಡ್ಡದು ಚೀನಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ 3ನೇ ಹಂತದ ಪ್ರಯೋಗ, ಹರಡಿದ ದೊಡ್ಡ ಕರುಳಿನ ಕ್ಯಾನ್ಸರ್‌ನ 442 ರೋಗಿಗಳು. ಫಾಲ್‌ಫಾಕ್ಸ್ ಕೀಮೋ ಜತೆ ದೇಹತೂಕದ ಕಿಲೋಗೆ 1.5 ಗ್ರಾಂ ವಿಟಮಿನ್ ಸಿಯನ್ನು ಪ್ರತಿ ಸುತ್ತಿನ ಮೊದಲ 3 ದಿನ ಡ್ರಿಪ್‌ನಲ್ಲಿ ಕೊಟ್ಟರು. ರೋಗ ಮುಂದುವರಿಯದೆ ಇದ್ದ ಮಧ್ಯಕ ಅವಧಿ (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) ವಿಟಮಿನ್ ಗುಂಪಿನಲ್ಲಿ 8.6 ತಿಂಗಳು, ಕೀಮೋ ಮಾತ್ರ ಪಡೆದವರಲ್ಲಿ 8.3 ತಿಂಗಳು. ಇದು ಗಣನೆಗೆ ಬರುವ ವ್ಯತ್ಯಾಸವಲ್ಲ. ಆದರೆ ರಾಸ್ (ಕೆ-ರಾಸ್ ಸೇರಿದ ಜೀನ್ ಗುಂಪು) ರೂಪಾಂತರ ಇದ್ದವರನ್ನು ಮಾತ್ರ ನೋಡಿದಾಗ ವಿಟಮಿನ್ ಗುಂಪಿನಲ್ಲಿ 9.2, ಕೀಮೋ ಮಾತ್ರ ಪಡೆದವರಲ್ಲಿ 7.8 ತಿಂಗಳು. ಕೋಶಗಳಲ್ಲಿ ಕಂಡ ಗ್ಲಟ್-1, ಜಿಎಪಿಡಿಎಚ್ ಕಥೆಗೆ ಇದು ಹೊಂದುತ್ತದೆ ನಿಜ. ಆದರೂ ಉಪಗುಂಪಿನ ಫಲಿತಾಂಶ ಮುಂದಿನ ಪ್ರಯೋಗಕ್ಕೆ ಪ್ರಶ್ನೆ ಹುಟ್ಟಿಸುತ್ತದೆಯೇ ಹೊರತು ಉತ್ತರ ಆಗುವುದಿಲ್ಲ.

ಅಯೋವಾದಲ್ಲಿ ಹರಡಿದ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನ 34 ರೋಗಿಗಳ ಮೇಲೆ ನಡೆದ 2ನೇ ಹಂತದ ಯಾದೃಚ್ಛಿಕ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಕೀಮೋ ಜತೆ ವಾರಕ್ಕೆ 3 ಸಲ 75 ಗ್ರಾಂ ಪಡೆದವರ ಮಧ್ಯಕ ಬದುಕು 16 ತಿಂಗಳು, ಕೀಮೋ ಮಾತ್ರ ಪಡೆದವರದು 8.3. ಕಣ್ಣರಳಿಸುವ ಅಂಕಿ. ಆದರೆ 34 ಜನರ ಸಂಖ್ಯೆಯಲ್ಲಿ ಕೆಲವೇ ರೋಗಿಗಳು ಅತ್ತಿತ್ತ ಆದರೂ ಚಿತ್ರ ಬದಲಾಗುತ್ತದೆ. 2014ರಲ್ಲಿ ಅಂಡಾಶಯದ ಕ್ಯಾನ್ಸರ್‌ನ 25 ರೋಗಿಗಳ ಸಣ್ಣ ಅಧ್ಯಯನದಲ್ಲಿ ಕೀಮೋದ ಅಡ್ಡಪರಿಣಾಮ ಇಳಿದದ್ದು ಮುಖ್ಯವಾಗಿ ಕಂಡಿತು.

ಅಮ್ಮನಿಗೆ ಕೀಮೋ ನಡೀತಿದೆ. ಜತೆಗೆ ವಿಟಮಿನ್ ಸಿ ಕೊಡಬಹುದಾ?

ಆಹಾರದಿಂದ ಬರುವಷ್ಟು, ಅಥವಾ ಕೊರತೆ ತುಂಬುವ ಸಣ್ಣ ಮಾತ್ರೆಯಷ್ಟು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಗ್ರಾಂಗಟ್ಟಲೆ ಕೊಡುವ ಮೊದಲು ಯಾವ ಔಷಧಿ ನಡೆಯುತ್ತಿದೆ ಎಂದು ಆಂಕಾಲಜಿಸ್ಟ್ ಹತ್ತಿರ ಕೂತು ನೋಡಲೇಬೇಕು. ಮೈಲೋಮಾ ಎಂಬ ರಕ್ತಕ್ಯಾನ್ಸರ್‌ಗೆ ಕೊಡುವ ಬಾರ್ಟೆಜೊಮಿಬ್ ವಿಷಯದಲ್ಲಿ ಎಚ್ಚರಿಕೆ ಸ್ಪಷ್ಟ: ಬಾಯಿಯಿಂದ ತೆಗೆದುಕೊಳ್ಳುವ ಮಟ್ಟದ ವಿಟಮಿನ್ ಸಿ ಕೂಡ ಇಲಿಗಳಲ್ಲಿ ಅದರ ಕೆಲಸವನ್ನು ತಡೆದಿದೆ. 2008ರ ಒಂದು ಅಧ್ಯಯನದಲ್ಲಿ, ಮೊದಲೇ ವಿಟಮಿನ್ ಸಿ ತುಂಬಿಸಿಕೊಂಡ ಕ್ಯಾನ್ಸರ್ ಕೋಶಗಳ ಮೇಲೆ ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್ ಮುಂತಾದ ಔಷಧಿಗಳ ಪರಿಣಾಮ ಇಳಿಯಿತು.

ಸಣ್ಣ ಪ್ರಮಾಣ ಗಡ್ಡೆಯನ್ನು ಕಾಪಾಡಬಹುದು, ಭಾರೀ ಪ್ರಮಾಣ ಕೆಡಿಸಬಹುದು; ‘ನಡುವಿನ’ ಡೋಸ್ ಎಲ್ಲಕ್ಕಿಂತ ಕೆಟ್ಟ ಆಯ್ಕೆ ಆಗಬಹುದು. ಏನು ಕೊಡುತ್ತಿದ್ದರೂ ವೈದ್ಯರಿಂದ ಮುಚ್ಚಿಡಬೇಡಿ.

ಡ್ರಿಪ್ ಹಾಕಿಸೋ ಮೊದಲು ಯಾವ ಟೆಸ್ಟ್ ಮಾಡಿಸಬೇಕು?

ಬಿಡಬಾರದ್ದು ಜಿ6ಪಿಡಿ. ಕೆಂಪು ರಕ್ತಕಣಕ್ಕೆ ಎನ್‌ಎಡಿಪಿಎಚ್ ಸಿಗುವ ಮುಖ್ಯ ದಾರಿಯ ಮೊದಲ ಕಿಣ್ವ ಇದು. ಹುಟ್ಟಿನಿಂದ ಇದು ಕಡಿಮೆ ಇರುವವರಿಗೆ ಗೊತ್ತೇ ಇರದಿರಬಹುದು. ಅಂಥವರಿಗೆ ಹತ್ತಾರು ಗ್ರಾಂ ಆಸ್ಕೋರ್ಬೇಟ್ ಕೊಟ್ಟರೆ ಕ್ಯಾನ್ಸರ್ ಕೋಶಕ್ಕೆ ಆಗಬೇಕಾದ ಗತಿ ರಕ್ತಕಣಕ್ಕೆ ಆಗುತ್ತದೆ. ಕಣಗಳು ಒಡೆಯುತ್ತವೆ, ಮೂತ್ರ ಕಪ್ಪಗಾಗುತ್ತದೆ, ಜೀವಕ್ಕೇ ಅಪಾಯ. ಈಚೆಗೆ ರಕ್ತಕಣ ಒಡೆದಿದ್ದರೆ ಅಥವಾ ರಕ್ತ ಕೊಡಿಸಿದ್ದರೆ ಈ ಟೆಸ್ಟ್ ತಪ್ಪಾಗಿ ಸಹಜ ಎಂದು ತೋರಿಸಬಹುದು.

ಎರಡನೆಯದು ಕಿಡ್ನಿ. ಆಸ್ಕೋರ್ಬೇಟ್‌ನ ಒಂದು ಪಾಲು ಆಕ್ಸಲೇಟ್ ಆಗಿ ಒಡೆಯುತ್ತದೆ, ಕಿಡ್ನಿ ದುರ್ಬಲವಾಗಿದ್ದರೆ ಅದರ ಹರಳು ಅಲ್ಲೇ ಕೂರುತ್ತದೆ. ಕ್ರಿಯಾಟಿನಿನ್, ಇಜಿಎಫ್‌ಆರ್ ಎಂಬ ಕಿಡ್ನಿ ಪರೀಕ್ಷೆಗಳನ್ನು ನೋಡಿಕೊಳ್ಳಬೇಕು, ಕಲ್ಲಿನ ಇತಿಹಾಸ ಕೇಳಬೇಕು. ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೊಟೀನ್) ಮತ್ತು ಕಬ್ಬಿಣದ ಮಟ್ಟವೂ ಬೇಕು; ಹೀಮೋಕ್ರೊಮಾಟೋಸಿಸ್ (ದೇಹದಲ್ಲಿ ಕಬ್ಬಿಣ ಅತಿಯಾಗಿ ಸೇರುವ ರೋಗ) ಇರುವವರಿಗೆ ಇದು ಸಲ್ಲದು.

ಹೆಚ್ಚಿನವರು ಮರೆಯುವುದು ಸೋಡಿಯಂ. ಚುಚ್ಚುಮದ್ದಿನ ದ್ರಾವಣದ ಆಮ್ಲತೆಯನ್ನು ಸೋಡಿಯಂನಿಂದಲೇ ಸರಿದೂಗಿಸಿರುತ್ತಾರೆ. 75 ಗ್ರಾಂ ಆಸ್ಕೋರ್ಬಿಕ್ ಆಮ್ಲ ಪೂರ್ತಿ ಸೋಡಿಯಂ ಲವಣವಾದರೆ ಅದರ ಜತೆ ಸುಮಾರು 9.8 ಗ್ರಾಂ ಸೋಡಿಯಂ ದೇಹಕ್ಕೆ ಹೋಗುತ್ತದೆ. ದಿನಕ್ಕೆ 2 ಗ್ರಾಂ ಒಳಗಿರಲಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗೆ ಇದನ್ನು ಹೋಲಿಸಿ ನೋಡಿ. ಹೃದಯ ವೈಫಲ್ಯ, ಕಾಲು ಊತ, ಹೊಟ್ಟೆಯಲ್ಲಿ ನೀರು ಇರುವವರಿಗೆ ಇದೇ ಒಂದು ಅಪಾಯ.

ಡ್ರಿಪ್ ಆದ ಮೇಲೆ ಶುಗರ್ ಮೀಟರ್ 400 ತೋರಿಸ್ತಿದೆ. ಇನ್ಸುಲಿನ್ ಕೊಡಬೇಕಾ?

ಮೀಟರ್ ನಂಬಿ ಕೊಡಬೇಡಿ. ಬೆರಳು ಚುಚ್ಚಿ ನೋಡುವ ಅನೇಕ ಮೀಟರ್‌ಗಳು ಪಟ್ಟಿಯ ಮೇಲೆ ಹರಿಯುವ ಎಲೆಕ್ಟ್ರಾನ್‌ಗಳನ್ನು ಅಳೆದು ಗ್ಲೂಕೋಸ್ ಲೆಕ್ಕ ಹಾಕುತ್ತವೆ. ಆಸ್ಕೋರ್ಬೇಟ್ ಸಹ ಅದೇ ಪಟ್ಟಿಗೆ ಎಲೆಕ್ಟ್ರಾನ್ ಕೊಡುತ್ತದೆ, ಮೀಟರ್ ಅದನ್ನೂ ಸಕ್ಕರೆ ಎಂದೇ ಎಣಿಸುತ್ತದೆ. ಸಹಜ ಸಕ್ಕರೆ ಇರುವವರಿಗೆ ಇನ್ಸುಲಿನ್ ಕೊಟ್ಟು ಸಕ್ಕರೆ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪುವ ಅಪಾಯ ಇಲ್ಲಿದೆ. ರಕ್ತನಾಳದಿಂದ ರಕ್ತ ತೆಗೆದು ಲ್ಯಾಬ್‌ನಲ್ಲಿ ಹೆಕ್ಸೋಕೈನೇಸ್ ವಿಧಾನದಲ್ಲಿ ಅಳೆಸಿ. ಡ್ರಿಪ್ ಮುಗಿದ ಮೇಲೂ ಕನಿಷ್ಠ 6ರಿಂದ 8 ಗಂಟೆ ಮೀಟರ್ ಮೇಲೆ ಭರವಸೆ ಇಡಬೇಡಿ, ಕಿಡ್ನಿ ಸರಿ ಇಲ್ಲದಿದ್ದರೆ ಇನ್ನೂ ಹೆಚ್ಚು ಹೊತ್ತು.

ಪೆರಾಕ್ಸಿಡೇಸ್ ಕಿಣ್ವ ಹುಟ್ಟಿಸುವ ಬಣ್ಣದ ಮೇಲೆ ನಿಂತ ಪರೀಕ್ಷೆಗಳಲ್ಲಿ ತಪ್ಪು ಉಲ್ಟಾ ದಿಕ್ಕಿಗೆ ಹೋಗುತ್ತದೆ. ಮೂತ್ರದ ಪಟ್ಟಿಯಲ್ಲಿ ರಕ್ತ, ಗ್ಲೂಕೋಸ್ ಇದ್ದರೂ ಕಾಣದೆ ಹೋಗಬಹುದು. ಯೂರಿಕ್ ಆಮ್ಲ, ಕಿಣ್ವ ವಿಧಾನದ ಕ್ರಿಯಾಟಿನಿನ್ ಕಡಿಮೆ ತೋರಬಹುದು.

ಸಕ್ಕರೆ ಬಿಟ್ಟು ಉಪವಾಸ ಇದ್ರೆ ವಿಟಮಿನ್ ಸಿ ಹೆಚ್ಚು ಕೆಲಸ ಮಾಡುತ್ತಾ?

ಇಲಿಗಳಲ್ಲಿ ಹೌದು. ಉಪವಾಸವನ್ನು ಅನುಕರಿಸುವ ಆಹಾರ ಮತ್ತು ವಿಟಮಿನ್ ಸಿ ಸೇರಿದಾಗ ಕೆ-ರಾಸ್ ರೂಪಾಂತರದ ಗಡ್ಡೆಗಳು ಹೆಚ್ಚು ಕುಗ್ಗಿದ್ದನ್ನು 2020ರಲ್ಲಿ ತೋರಿಸಿದ್ದಾರೆ. ಉಪವಾಸ ಕೋಶದ ಫೆರಿಟಿನ್ ಹೊಂದಾಣಿಕೆಯನ್ನು ಮುರಿದು ಸಡಿಲ ಕಬ್ಬಿಣ ಹೆಚ್ಚಿಸುತ್ತದೆ. ಮನುಷ್ಯರ ವಿಷಯದಲ್ಲಿ ಇಷ್ಟರಿಂದ ಏನೂ ಹೇಳಲಾಗದು. ತೂಕ ಇಳಿಯುತ್ತಿರುವ ರೋಗಿಯನ್ನು ಉಪವಾಸ ಕೆಡವುವುದು ಖಂಡಿತ ಬೇಡ.

## ಪ್ರಯೋಗಾಲಯದಲ್ಲಿ

ಒಂದು ವಾರ 1 ಮಿಲಿಮೋಲಾರ್ ಆಸ್ಕೋರ್ಬೇಟ್‌ಗೆ ಕೋಶ ಸಾಯುತ್ತೆ, ಮುಂದಿನ ವಾರ 5ಕ್ಕೂ ಸಾಯಲ್ಲ. ಏನು ತಪ್ಪಾಗ್ತಿದೆ?

ಮೊದಲು ಕೋಶಗಳ ಸಂಖ್ಯೆ ನೋಡಿ. ಪೆರಾಕ್ಸೈಡನ್ನು ಕೋಶಗಳೇ ಒಡೆಯುವುದರಿಂದ, ಕೋಶ ಹೆಚ್ಚಿದ್ದಷ್ಟೂ ಒಂದೊಂದರ ಪಾಲು ಕಡಿಮೆ. 100 ಮೈಕ್ರೋಲೀಟರ್‌ನಲ್ಲಿ 1 ಮಿಲಿಮೋಲಾರ್ ಎಂದರೆ 100 ನ್ಯಾನೋಮೋಲ್. 10,000 ಕೋಶ ಇದ್ದರೆ ಒಂದಕ್ಕೆ 10 ಪಿಕೋಮೋಲ್, 50,000 ಇದ್ದರೆ 2 ಮಾತ್ರ. ಮಿಲಿಮೋಲಾರ್ ಬದಲು ಕೋಶವೊಂದಕ್ಕೆ ಎಷ್ಟು ಪಿಕೋಮೋಲ್ ಎಂದು ಬರೆದಿಟ್ಟರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಆಮೇಲೆ ಮೀಡಿಯಂ, ಅಂದರೆ ಕೋಶ ಬೆಳೆಸುವ ದ್ರವ. ಪೈರುವೇಟ್ ಇದ್ದರೆ ಅದು ಪೆರಾಕ್ಸೈಡ್ ಜತೆ ನೇರವಾಗಿ ಕೂಡಿ ಅದನ್ನು ಮುಗಿಸುತ್ತದೆ. ಬಾಟಲಿಯ ಲೇಬಲ್‌ನಲ್ಲಿ ಪೈರುವೇಟ್ ಇದೆಯೋ ಇಲ್ಲವೋ ಓದಿ. ಡಿಎಂಇಎಂ ಎಂಬ ಮೀಡಿಯಂನಲ್ಲಿ ಫೆರಿಕ್ ನೈಟ್ರೇಟ್ (ಕಬ್ಬಿಣದ ಲವಣ) ಇದೆ, ಆರ್‌ಪಿಎಂಐ 1640ನಲ್ಲಿ ಇಲ್ಲ, ಅದರಲ್ಲಿ ಗ್ಲುಟಾಥಯಾನ್ ಇದೆ. ಮೀಡಿಯಂ ಬದಲಿಸಿದರೆ ಪೆರಾಕ್ಸೈಡ್ ಹುಟ್ಟುವ ವೇಗವೇ ಬದಲಾಗುತ್ತದೆ. 25 ಮಿಲಿಮೋಲಾರ್ ಗ್ಲೂಕೋಸ್ ಇರುವ ಮೀಡಿಯಂನಲ್ಲಿ ಗ್ಲಟ್-1 ಮುಂದೆ ಡಿಹೈಡ್ರೋಆಸ್ಕೋರ್ಬಿಕ್ ಆಮ್ಲಕ್ಕೆ ಪೈಪೋಟಿ ಜಾಸ್ತಿ. ರಕ್ತದ ಗ್ಲೂಕೋಸ್ ಸುಮಾರು 5 ಮಿಲಿಮೋಲಾರ್ ಮಾತ್ರ.

ಪ್ರತಿ ಸಲವೂ ಕ್ಯಾಟಲೇಸ್ ಸೇರಿಸಿದ ಒಂದು ಸಾಲು ಇಡಿ. ಅಲ್ಲಿ ಕೋಶ ಬದುಕಿದರೆ ಕೊಂದದ್ದು ಪೆರಾಕ್ಸೈಡ್. ಬದುಕದಿದ್ದರೆ ಆಮ್ಲತೆಯನ್ನೋ ಉಪ್ಪಿನ ಸಾಂದ್ರತೆಯನ್ನೋ ಅನುಮಾನಿಸಿ.

ಸ್ಟಾಕ್ ದ್ರಾವಣ ಸರಿಯಾಗಿ ಮಾಡೋದು ಹೇಗೆ?

1 ಮೋಲಾರ್‌ಗೆ 100 ಮಿಲಿಲೀಟರ್‌ನಲ್ಲಿ 17.6 ಗ್ರಾಂ ಆಸ್ಕೋರ್ಬಿಕ್ ಆಮ್ಲ. ಸುಮಾರು 70 ಮಿಲಿಲೀಟರ್ ಶುದ್ಧ ನೀರಿನಲ್ಲಿ ಹಾಕಿ, ಆರ್ಗಾನ್ ಹಾಯಿಸುತ್ತಾ, ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಸೇರಿಸಿ ಪಿಎಚ್ 7.0ಕ್ಕೆ ತನ್ನಿ, ನಂತರ ಅಳತೆ ಪೂರ್ತಿ ಮಾಡಿ. ಪಿಎಚ್ 7 ದಾಟಿದರೆ ಉತ್ಕರ್ಷಣ ಜೋರಾಗುತ್ತದೆ, ಆದ್ದರಿಂದ ಕೊನೆಯ ಹನಿಗಳಲ್ಲಿ ಆತುರ ಬೇಡ. ಸೋಡಿಯಂ ಆಸ್ಕೋರ್ಬೇಟ್ ಪುಡಿಯಿಂದಲೇ ಮಾಡುವುದಾದರೆ 19.8 ಗ್ರಾಂ. ಗಾಳಿಯಾಡದ ಮುಚ್ಚಳದ ಬಾಟಲಿಯಲ್ಲಿ ತುಂಬಿ 4 ಡಿಗ್ರಿಯಲ್ಲಿ ಬೆಳಕು ಬೀಳದಂತೆ ಇಡಿ. ಹಳದಿ ತಿರುಗಿದರೆ ಎಸೆಯಿರಿ.

ಬಳಸುವ ದಿನ ಸಾಂದ್ರತೆ ಅಳೆಯಿರಿ. ಲೋಹ ತೆಗೆದ ಪಿಎಚ್ 7ರ ಫಾಸ್ಫೇಟ್ ಬಫರ್‌ನಲ್ಲಿ 20,000 ಪಟ್ಟು ತೆಳುಮಾಡಿದರೆ 50 ಮೈಕ್ರೋಮೋಲಾರ್ ಆಗಬೇಕು. 265 ನ್ಯಾನೋಮೀಟರ್‌ನಲ್ಲಿ ಮೋಲಾರ್ ಹೀರಿಕೆ ಗುಣಾಂಕ ಸುಮಾರು 14,500, ಅಂದರೆ 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ 0.72 ಆಸುಪಾಸು ಬರಬೇಕು. ಓದು ನಿಲ್ಲದೆ ಸರಸರ ಇಳಿಯುತ್ತಿದ್ದರೆ ಬಫರ್‌ನಲ್ಲಿ ಲೋಹ ಉಳಿದಿದೆ.

ಎಂಟಿಟಿಯಲ್ಲಿ (ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ಎಲ್ಲ ಕೋಶ ಜೀವಂತ ಅಂತ ಬರುತ್ತೆ, ಮೈಕ್ರೋಸ್ಕೋಪಿನಲ್ಲಿ ನೋಡಿದ್ರೆ ಸತ್ತಿವೆ. ಯಾಕೆ?

ಎಂಟಿಟಿ ಬಣ್ಣವನ್ನು ಆಸ್ಕೋರ್ಬೇಟ್ ತಾನೇ ಅಪಕರ್ಷಿಸಿ ನೇರಳೆ ಮಾಡುತ್ತದೆ. ತಟ್ಟೆಯ ಕೋಶವಿಲ್ಲದ ಗುಳಿಯಲ್ಲೂ ಬಣ್ಣ ಬರುತ್ತದೆ, ಪರೀಕ್ಷಿಸಿ ನೋಡಿ. 1ರಿಂದ 2 ಗಂಟೆ ಆಸ್ಕೋರ್ಬೇಟ್‌ಗೆ ಒಡ್ಡಿ, ತೊಳೆದು, ಹೊಸ ಮೀಡಿಯಂ ಹಾಕಿ, ಆಮೇಲೆ ಕಾಲೊನಿ ಎಣಿಸುವ ವಿಧಾನವೇ ನಂಬಿಕಸ್ಥ. ಹಾಗೆ ಮಾಡಿದರೆ ಡ್ರಿಪ್ ಮುಗಿದ ಮೇಲೆ ಮಟ್ಟ ಬೇಗ ಇಳಿಯುವ ವಾಸ್ತವಕ್ಕೂ ಹತ್ತಿರ.

ಡಿಹೈಡ್ರೋಆಸ್ಕೋರ್ಬಿಕ್ ಆಮ್ಲವನ್ನೇ ನೇರವಾಗಿ ಹಾಕಬಹುದಲ್ಲ?

ಹಾಕಬಹುದು, ಆದರೆ 37 ಡಿಗ್ರಿ, ಪಿಎಚ್ 7.4ರಲ್ಲಿ ಅದರ ಅರ್ಧಾಯುಷ್ಯ ಕೆಲವೇ ನಿಮಿಷ. ನಂತರ ಅದು ಡೈಕೀಟೋಗ್ಯುಲೋನಿಕ್ ಆಮ್ಲವಾಗಿ ಒಡೆಯುತ್ತದೆ, ಮತ್ತೆ ವಿಟಮಿನ್ ಆಗುವುದಿಲ್ಲ. ಪುಡಿ ಕರಗಿಸಿದ ಕೂಡಲೇ ಬಳಸಬೇಕು.

ಇಲಿಗೆ ಕಿಲೋಗೆ 4 ಗ್ರಾಂ ಕೊಡ್ತಾರೆ. 60 ಕಿಲೋ ಮನುಷ್ಯನಿಗೆ 240 ಗ್ರಾಂ ಆಯ್ತಲ್ಲ?

ಹಾಗೆ ನೇರ ಗುಣಿಸಬಾರದು. ದೇಹದ ಮೇಲ್ಮೈ ಲೆಕ್ಕದಲ್ಲಿ ಇಲಿಯ ಡೋಸನ್ನು 12.3ರಿಂದ ಭಾಗಿಸುತ್ತಾರೆ, ಕಿಲೋಗೆ ಸುಮಾರು 0.33 ಗ್ರಾಂ, 60 ಕಿಲೋಗೆ 20 ಗ್ರಾಂ ಹತ್ತಿರ. ಇದೂ ಒರಟು ಅಂದಾಜು ಅಷ್ಟೇ, ಮುಖ್ಯವಾಗುವುದು ರಕ್ತದಲ್ಲಿ ಮುಟ್ಟಿದ ಮಟ್ಟ ಮತ್ತು ಅದು ಎಷ್ಟು ಹೊತ್ತು ನಿಂತಿತು ಎನ್ನುವುದು. ಇನ್ನೊಂದು ವ್ಯತ್ಯಾಸ: ಇಲಿ ತನ್ನ ಪಿತ್ತಜನಕಾಂಗದಲ್ಲಿ ವಿಟಮಿನ್ ಸಿ ತಾನೇ ತಯಾರಿಸಿಕೊಳ್ಳುತ್ತದೆ, ಮನುಷ್ಯರಲ್ಲಿ ಅದಕ್ಕೆ ಬೇಕಾದ ಗುಲೋ ಜೀನ್ ಕೆಟ್ಟಿದೆ. ಕೊರತೆಯ ಪರಿಣಾಮ ನೋಡುವ ಅಧ್ಯಯನವಾದರೆ ಆ ಜೀನ್ ತೆಗೆದ ಇಲಿಗಳನ್ನೇ ಬಳಸಬೇಕು. ಭಾರೀ ಡೋಸ್‌ನ ಅಧ್ಯಯನಕ್ಕೆ ಅದು ಅಷ್ಟು ಅಡ್ಡಿಯಲ್ಲ.